ಜನರನ್ನು ದೂರ ತಳ್ಳಬೇಡಿ, ಎತ್ತರಕ್ಕೆ ಏರಿಸಿ

ನಮಸ್ಕಾರ. ಟ್ರ್ಯಾಕ್‌ಗೆ ಹೋಗಿ ಕಾರ್ ರೇಸ್ ನೋಡಿದವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ. ಮುಂದಿನ ಸಾಲಲ್ಲೇ ಸೀಟು ಸಿಕ್ಕಿತು ಅಂತ ಖುಷಿಯಿಂದ ಹೋಗಿ ಕೂತರೆ, ಕಣ್ಣೆದುರಿಗೆ ತಂತಿ ಬಲೆ. ನೇರ ಎದುರಿಗೆ ಹಾದುಹೋಗುವ ಕಾರು ಹೇಗೋ ಕಾಣುತ್ತದೆ. ಆದರೆ ಅದು ಬರುವ ತಿರುವಿನ ಕಡೆ ಕತ್ತು ಹೊರಳಿಸಿದರೆ, ತಂತಿಗಳೆಲ್ಲ ಒಂದರ ಹಿಂದೆ ಒಂದು ಕೂಡಿಕೊಂಡು ಬಲೆ ಗೋಡೆಯೇ ಆಗಿಬಿಡುತ್ತದೆ. ಸದ್ದು ಕೇಳುತ್ತದೆ, ಕಾರು ಕಾಣುವುದಿಲ್ಲ.

ಹಾಗಂತ ಬಲೆ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಅದು ಯಾಕೆ ಬಂತು ಅಂತ ಗೊತ್ತಿದ್ದವರು ಯಾರೂ ಹಾಗೆ ಹೇಳಲಾರರು.

1955ರ ಜೂನ್ 11. ಫ್ರಾನ್ಸಿನ ಲೆ ಮಾನ್, 24 ಗಂಟೆಗಳ ರೇಸ್. ಪಿಯರ್ ಲೆವೆಗ್ ಓಡಿಸುತ್ತಿದ್ದ ಮರ್ಸಿಡಿಸ್, ಮುಂದಿದ್ದ ಆಸ್ಟಿನ್-ಹೀಲಿಯ ಹಿಂಭಾಗಕ್ಕೆ ತಗುಲಿ ಗಾಳಿಗೆ ಹಾರಿತು. ಟ್ರ್ಯಾಕಿಗೂ ಜನರಿಗೂ ನಡುವೆ ಇದ್ದದ್ದು ಒಂದು ಗಿಡ್ಡ ಮಣ್ಣಿನ ಏರಿ ಅಷ್ಟೇ. ಕಾರು ಅದಕ್ಕೆ ಬಡಿದು ಒಡೆದುಹೋಯಿತು. ಎಂಜಿನ್, ಮುಂದಿನ ಆಕ್ಸಲ್, ಬಾನೆಟ್ ಕಿತ್ತುಕೊಂಡು ಕಿಕ್ಕಿರಿದು ನಿಂತಿದ್ದವರ ಮಧ್ಯೆ ನುಗ್ಗಿದವು. ಸತ್ತ ಪ್ರೇಕ್ಷಕರು 80ಕ್ಕೂ ಜಾಸ್ತಿ. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸರ್ಕ್ಯೂಟ್ ರೇಸನ್ನೇ ನಿಷೇಧಿಸಿಬಿಟ್ಟಿತು. ಎರಡು ವರ್ಷ ಕಳೆದು ಇಟಲಿಯ ಮಿಲ್ಲೆ ಮಿಲಿಯಾ ಎಂಬ ರಸ್ತೆ ರೇಸಿನಲ್ಲಿ ಒಂದು ಫೆರಾರಿ ರಸ್ತೆಬದಿಯ ಜನರ ಮೇಲೆ ಹೋಯಿತು. ಅಲ್ಲಿ ಸತ್ತ ಒಂಬತ್ತು ಪ್ರೇಕ್ಷಕರಲ್ಲಿ ಐವರು ಮಕ್ಕಳು. 1961ರಲ್ಲಿ ಇಟಲಿಯದೇ ಮೊಂಜಾ ಟ್ರ್ಯಾಕ್, ಮತ್ತೆ 15 ಪ್ರೇಕ್ಷಕರು.

ಇವತ್ತು ದೊಡ್ಡ ಸರ್ಕ್ಯೂಟ್‌ಗಳಲ್ಲಿ ತಡೆಗೋಡೆ, ಬಲೆ ಎರಡೂ ಸೇರಿ ಸುಮಾರು ಮೂರೂವರೆ ಮೀಟರ್ ಎತ್ತರ ಇರುತ್ತದೆ. ಅದೂ ಎಲ್ಲವನ್ನೂ ತಡೆಯುವುದಿಲ್ಲ. 2013ರಲ್ಲಿ ಅಮೆರಿಕದ ಡೇಟೋನಾದಲ್ಲಿ ಕೈಲ್ ಲಾರ್ಸನ್ ಕಾರು ಬಲೆಗೆ ಅಪ್ಪಳಿಸಿತು, ಚಕ್ರ ಸ್ಟ್ಯಾಂಡಿನೊಳಗೆ ಬಿತ್ತು, ಸುಮಾರು 30 ಜನರಿಗೆ ಗಾಯವಾಯಿತು. 2023ರಲ್ಲಿ ಮೆಲ್ಬರ್ನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಮ್ಯಾಗ್ನುಸೆನ್ ಕಾರಿನ ಚೂರೊಂದು ಹಾರಿ ಬಂದು ಪ್ರೇಕ್ಷಕನೊಬ್ಬನ ತೋಳಿಗೆ ಬಡಿಯಿತು.

ಇದನ್ನೆಲ್ಲ ನೋಡಿದ ಸಂಘಟಕರಿಗೆ ಮೊದಲು ಹೊಳೆಯುವುದು ಒಂದೇ: ಜನರನ್ನು ಇನ್ನೂ ಹಿಂದಕ್ಕೆ ಹಾಕೋಣ. ನನ್ನ ತಕರಾರು ಇರುವುದೇ ಇಲ್ಲಿ. ಏನೂ ಕಾಣದ ಜಾಗದಲ್ಲಿ ನಿಲ್ಲಿಸಿದರೆ ಜನ ಸುಮ್ನೆ ನಿಲ್ಲುತ್ತಾರಾ? ಇಲ್ಲ. ಬೇಲಿ ಹತ್ತುತ್ತಾರೆ, ಮರ ಏರುತ್ತಾರೆ, ಹಗ್ಗದ ಕೆಳಗೆ ನುಸುಳುತ್ತಾರೆ. ಚೆನ್ನಾಗಿ ಕಾಣುವ ಜಾಗ ಕೊಡುವುದು ಸೌಕರ್ಯದ ಮಾತಲ್ಲ, ಅದೇ ಸುರಕ್ಷತೆ. ಕಾಣುತ್ತಿದ್ದರೆ ಕೂತವನು ಏಳುವುದಿಲ್ಲ.

ರ‍್ಯಾಲಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಕಾರುಗಳು ಓಡುವುದು ಟ್ರ್ಯಾಕಿನಲ್ಲಲ್ಲ, ಮಾಮೂಲಿ ರಸ್ತೆಗಳಲ್ಲಿ. 1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಗೇ ಇಳಿದು ನಿಂತಿದ್ದರು. ಒಂದು ಫೋರ್ಡ್ ಆರ್‌ಎಸ್200 ಹಿಡಿತ ತಪ್ಪಿ ಗುಂಪಿಗೆ ನುಗ್ಗಿ ಮೂವರನ್ನು ಬಲಿ ತೆಗೆದುಕೊಂಡಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ರ‍್ಯಾಲಿ ನಡೆಯುತ್ತದೆ. ಅಲ್ಲಿ ಉದ್ದಕ್ಕೂ ಬಲೆ ಕಟ್ಟಲು ಸಾಧ್ಯವೇ ಇಲ್ಲ. ದಯವಿಟ್ಟು ತಿರುವಿನ ಹೊರಬದಿಯಲ್ಲಿ ಮೊಬೈಲ್ ಹಿಡಿದು ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಬರುವುದು ಆ ಕಡೆಗೇ. ರಸ್ತೆಗಿಂತ ಮೇಲಿರುವ ದಿಣ್ಣೆ ಹತ್ತಿ, ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಹೇಳಿದ ಕಡೆ ನಿಲ್ಲಿ. ಅಲ್ಲಿಂದ ಮೂರು ತಿರುವು ಒಟ್ಟಿಗೆ ಕಂಡರೂ ಕಾಣಬಹುದು.

ಇನ್ನೊಂದು ವಿಷಯ. ಪ್ರೇಕ್ಷಕರ ನೋಟಕ್ಕೆ ಕೈ ಹಾಕುವ ಮೊದಲು ಕಾರಿನಲ್ಲಿ ಏನು ಮಾಡಬಹುದು ಅಂತ ನೋಡಬೇಕು. 1998ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕಿತ್ತುಹೋದ ಚಕ್ರವೊಂದು ಬಲೆ ದಾಟಿ ಮೂವರು ಪ್ರೇಕ್ಷಕರನ್ನು ಕೊಂದಿತು. ಮರುವರ್ಷದಿಂದ ಫಾರ್ಮುಲಾ ಒನ್‌ನಲ್ಲಿ ಚಕ್ರಗಳನ್ನು ಗಟ್ಟಿ ಹಗ್ಗದಿಂದ ಕಾರಿಗೆ ಬಿಗಿಯುವುದು ಕಡ್ಡಾಯವಾಯಿತು. ಇದರಿಂದ ಯಾರ ನೋಟಕ್ಕೂ ಅಡ್ಡಿಯಾಗಲಿಲ್ಲ ಅಲ್ವಾ?

ಹಾಗಾದರೆ ಟ್ರ್ಯಾಕ್ ಕಟ್ಟುವವರು ಏನು ಮಾಡಬೇಕು? ಬೆಲ್ಜಿಯಂನ ಸ್ಪಾ ಟ್ರ್ಯಾಕ್ ನೋಡಿ. 2019ರಲ್ಲಿ ಅಲ್ಲಿನ ರೇಡಿಯೋನ್ ಏರಿನ ಮೇಲೆ ಕಾರು ಓಡಿಸುತ್ತಿದ್ದ ಆಂಟ್ವಾನ್ ಹ್ಯೂಬರ್ ಎಂಬ ಹುಡುಗ ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಬರೀ 22. 2022ರ ಹೊತ್ತಿಗೆ ಅಲ್ಲಿ ಗುಡ್ಡದ ಬದಿ ಕಡಿದು ಟ್ರ್ಯಾಕ್ ಪಕ್ಕದ ಖಾಲಿ ಜಾಗ ಅಗಲ ಮಾಡಿದರು, ಟ್ರ್ಯಾಕ್ ಬಿಟ್ಟು ಹೋದ ಕಾರು ನಿಧಾನವಾಗಲಿ ಅಂತ ಜಲ್ಲಿ ಹಾಸಿದರು. ಅಷ್ಟಕ್ಕೇ ಬಿಡದೆ ಆ ಏರಿನ ಎದುರಿಗೇ ಎತ್ತರದ ಹೊಸ ಸ್ಟ್ಯಾಂಡ್ ಕಟ್ಟಿದರು. ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್ ಇನ್ನೂ ಚೆಂದ. ಅದು ತಗ್ಗಿನಲ್ಲಿರುವ ಟ್ರ್ಯಾಕ್, ಸುತ್ತಲೂ ಹುಲ್ಲಿನ ಇಳಿಜಾರು. ಅಲ್ಲಿ ಕೂತರೆ ಚಿಕ್ಕ ಸರ್ಕ್ಯೂಟ್ ಹೆಚ್ಚುಕಮ್ಮಿ ಪೂರ್ತಿ ಕಾಣುತ್ತದೆ. ಬಲೆ ಇದೆ, ಆದರೆ ಕಣ್ಣು ಅದರ ಮೇಲಿಂದ ಹಾಯುತ್ತದೆ.

ಊರೊಳಗಿನ ರೇಸ್‌ನಲ್ಲಿ ಇಂಥ ಇಳಿಜಾರು ಸಿಗುವುದಿಲ್ಲ, ಒಪ್ಪುತ್ತೇನೆ. 2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ರೇಸ್ ನಡೆದಾಗ ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಒಪ್ಪಿಗೆ ಸಿಗುವುದು ತಡವಾಗಿ, ಮೊದಲ ದಿನ ಕಾರುಗಳು ಟ್ರ್ಯಾಕಿಗೆ ಇಳಿಯುವಷ್ಟರಲ್ಲಿ ಕತ್ತಲಾಗಿತ್ತು. ಜನ ಬೈದರು. ನನ್ನ ಪ್ರಕಾರ ಕಾದದ್ದೇ ಸರಿ. ಗೋಡೆಯ ಪಕ್ಕದಲ್ಲೇ ಜನ ಕೂರುವ ಕಡೆ ಒಪ್ಪಿಗೆ ಇಲ್ಲದೆ ಒಂದು ಸುತ್ತೂ ಓಡಬಾರದು.

ಆದರೆ ಕಾಯಂ ಟ್ರ್ಯಾಕ್‌ಗಳಿಗೆ ಈ ನೆಪ ಇಲ್ಲ. ಜಲ್ಲಿ ಹಾಕಲು ಅಗೆದ ಮಣ್ಣನ್ನು ಲಾರಿಗೆ ತುಂಬಿ ಹೊರಗೆ ಸಾಗಿಸುವ ಬದಲು ಬಲೆಯ ಹಿಂದೆ, ಸಾಕಷ್ಟು ದೂರ ಬಿಟ್ಟು ಪೇರಿಸಿ. ಮೆಟ್ಟಿಲು ಕಡಿಯಿರಿ, ಹುಲ್ಲು ಬೆಳೆಸಿ. ಸ್ಟ್ಯಾಂಡಿನ ಮೇಲಿನ ಸಾಲುಗಳನ್ನು ಜಾಸ್ತಿ ದುಡ್ಡಿಗೆ ಮಾರುತ್ತೀರಿ, ಮಾರಿಕೊಳ್ಳಿ. ಈ ದಿಬ್ಬವನ್ನು ಮಾತ್ರ ಅತಿ ಕಡಿಮೆ ಟಿಕೆಟಿನವರಿಗೆ, ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಬಿಟ್ಟುಕೊಡಿ. ಮುಂದಿನ ಸೀಸನ್ನಿನ ಬಜೆಟ್‌ನಲ್ಲೇ ಇದಕ್ಕೆ ದುಡ್ಡು ಎತ್ತಿಡಿ.