ಗುಹೆ ನೋಡೋಕೆ ಹೋಗೋರು ಮೊದ್ಲು ನೀರಿನ ಟೈಮ್ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಈಗ ಕೇಳ್ತಾ ಇರೋರಲ್ಲಿ ಕೆಲವರ ಮನೇಲಾದ್ರೂ ಥಾಯ್ಲೆಂಡ್ ಪ್ರವಾಸದ ಮಾತು ನಡೀತಾ ಇರತ್ತೆ, ಮಗ ಸೊಸೆ ಟಿಕೆಟ್ ನೋಡ್ತಿರ್ತಾರೆ, ಅಪ್ಪ ಅಮ್ಮ ನೀವೂ ಬನ್ನಿ ಅಂದಿರ್ತಾರೆ, ಬೆಂಗಳೂರಿಂದ ಫುಕೆಟ್‌ಗೆ ನೇರ ವಿಮಾನನೇ ಇದೆ ಈಗ. ಆ ಪ್ಯಾಕೇಜ್ ಕಾಗದ ತೆಗೆದು ನೋಡಿ, ಫಾಂಗ್‌ನಾ ಕೊಲ್ಲಿ, ಗುಹೆ, ಕಯಾಕ್ ಅಂತ ಒಂದು ಸಾಲು ಇದ್ದೇ ಇರತ್ತೆ. ನಾನಿವತ್ತು ಮಾತಾಡೋದು ಆ ಒಂದು ಸಾಲಿನ ಬಗ್ಗೆ.

ಹೇಳ್ಬೇಕಾಗಿರೋದು ಒಂದೇ ವಿಷಯ, ಮೊದ್ಲೇ ಹೇಳ್ಬಿಡ್ತೀನಿ. ಸಮುದ್ರದ ಗುಹೆಗೆ ಹೋಗೋ ಮುಂಚೆ ಆ ದಿನ ಭರತ, ಅಂದ್ರೆ ಸಮುದ್ರದ ನೀರು ಏರೋದು, ಎಷ್ಟೊತ್ತಿಗೆ, ಇಳಿತ, ಅಂದ್ರೆ ನೀರು ಇಳಿಯೋದು, ಎಷ್ಟೊತ್ತಿಗೆ ಅಂತ ಕೇಳಿ. ಹೋಟೆಲ್‌ನಲ್ಲಿ ಇಡ್ಲಿ ಸಿಗತ್ತಾ, ಬಸ್ಸು ಎಸಿನಾ, ಇವೆಲ್ಲ ಆಮೇಲೆ ಕೇಳಿ. ಮೊದ್ಲು ನೀರಿನ ಟೈಮ್.

ಯಾಕೆ ಅಂತೀರಾ, ಕಲ್ಲಿಂದ ಶುರು ಮಾಡೋಣ, ನಾನು ಜೀವಮಾನ ಪೂರ್ತಿ ಪಾಠ ಮಾಡಿದ್ದು ಅದನ್ನೇ. ಫಾಂಗ್‌ನಾ ಕೊಲ್ಲೀಲಿ ನೀರಿಂದ ನೆಟ್ಟಗೆ ಎದ್ದು ನಿಂತಿರೋ ಗುಡ್ಡಗಳೆಲ್ಲ ಸುಣ್ಣಕಲ್ಲು. 25 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಬೆಚ್ಚಗಿನ ಸಮುದ್ರ ಇತ್ತು, ಅದ್ರಲ್ಲಿದ್ದ ಜೀವಿಗಳ ಚಿಪ್ಪು, ಹವಳ ಎಲ್ಲ ತಳಕ್ಕೆ ಬಿದ್ದು ಒಂದ್ರ ಮೇಲೊಂದು ಕೂತು ಗಟ್ಟಿಯಾಗಿ ಕಲ್ಲಾಯ್ತು. ಈ ಕಲ್ಲಿಗೆ ಒಂದು ಸ್ವಭಾವ ಇದೆ, ಹುಳಿ ಕಂಡ್ರೆ ಕರಗತ್ತೆ. ಮಳೆ ನೀರು ಗಾಳೀಲಿರೋ, ಮಣ್ಣಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಸ್ವಲ್ಪ ಹುಳಿ ಆಗತ್ತೆ, ಬಿರುಕಲ್ಲಿ ಇಳಿಯತ್ತೆ, ಇಳೀತಾ ಇಳೀತಾ ಕಲ್ಲನ್ನ ಕರಗಿಸಿ ಒಳಗೆ ಪೊಳ್ಳು ಮಾಡತ್ತೆ. ನಮ್ಮ ಕುಮಟಾ ಹತ್ರದ ಯಾಣ ನೋಡಿದೀರಲ್ಲ, ಭೈರವೇಶ್ವರ ಶಿಖರ, ಮೋಹಿನಿ ಶಿಖರ, ಅದೂ ಸುಣ್ಣಕಲ್ಲೇ, ಅದೂ ನೀರು ಕೊರೆದ ಕೆಲಸಾನೇ. ಅಲ್ಲಿ ಕಾಡು, ಇಲ್ಲಿ ಸಮುದ್ರ, ವ್ಯತ್ಯಾಸ ಅಷ್ಟೇ. ಮಲ್ಪೆ ಮುಂದಿರೋ ಸೇಂಟ್ ಮೇರೀಸ್ ದ್ವೀಪ ಮಾತ್ರ ಬೇರೆ ಜಾತಿ, ಅದು ಲಾವಾ ಆರಿ ಆದ ಕಲ್ಲು, ಅಲ್ಲಿ ಹೋಗಿ ಈ ಥರ ಗುಹೆ ಹುಡುಕ್ಬೇಡಿ.

ಇನ್ನೊಂದು ವಿಷಯ ನಂಗೆ ಬಹಳ ಇಷ್ಟ. 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಅಂದ್ರೆ ಇವತ್ತು ನೀವು ದೋಣೀಲಿ ತಿರುಗೋ ಕೊಲ್ಲಿ ಆವಾಗ ಒಣ ಬಯಲು, ಈ ದ್ವೀಪಗಳೆಲ್ಲ ಬಯಲಲ್ಲಿ ನಿಂತ ಗುಡ್ಡಗಳು. ಆಮೇಲೆ ಹಿಮ ಕರಗಿ ನೀರು ಏರಿ ಗುಡ್ಡದ ಬುಡ ಮುಳುಗಿತು, ಮಳೆ ನೀರು ಕೊರೆದಿಟ್ಟಿದ್ದ ಗುಹೆಗಳಿಗೆ ಸಮುದ್ರ ನುಗ್ಗಿತು. ಕೆಲವು ದ್ವೀಪಗಳಲ್ಲಿ ಗುಹೆ ಎಷ್ಟು ದೊಡ್ಡದಾಯ್ತು ಅಂದ್ರೆ ಮೇಲಿನ ಚಾವಣಿನೇ ಕುಸಿದು ಬಿತ್ತು, ಸುತ್ತ ಗೋಡೆ ಮಾತ್ರ ಉಳೀತು. ನಮ್ಮ ಹಳೇ ತೊಟ್ಟಿಮನೆ ನೆನಪು ಮಾಡ್ಕೊಳ್ಳಿ, ಹೊರಗಿಂದ ನೋಡಿದ್ರೆ ಬರೀ ಗೋಡೆ, ಒಳಗೆ ಹೋದ್ರೆ ಮಧ್ಯದಲ್ಲಿ ಆಕಾಶ, ಹಾಗಿದೆ ಅದು. ಅಲ್ಲಿಯವ್ರು ಅದಕ್ಕೆ ಹಾಂಗ್ ಅಂತಾರೆ. ಒಳಗೆ ಹೋಗೋಕೆ ಇರೋ ಬಾಗಿಲು ಸಮುದ್ರ ಮಟ್ಟದಲ್ಲಿರೋ ಒಂದು ಸುರಂಗ. ನೀರು ಏರಿದ್ರೆ ಆ ಬಾಗಿಲು ಪೂರ್ತಿ ಮುಳುಗತ್ತೆ, ತೀರಾ ಇಳಿದ್ರೆ ದೋಣಿ ಕೆಸರಲ್ಲಿ ಕೂತ್ಬಿಡತ್ತೆ. ನಡುವೆ ಸ್ವಲ್ಪ ಹೊತ್ತು ಮಾತ್ರ ದಾರಿ. ಅದಕ್ಕೇ ಹೇಳಿದ್ದು, ನೀರಿನ ಟೈಮ್ ಕೇಳಿ ಅಂತ.

ಮನೇಲೇ ಕೂತು ಅಂದಾಜು ಮಾಡ್ಬಹುದು ಇದನ್ನ. ಆ ಕಡೆ ದಿನಕ್ಕೆ ಎರಡು ಭರತ, ಎರಡು ಇಳಿತ, ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ಹಾಗಾಗಿ ದಿನಾ ಹೆಚ್ಚುಕಮ್ಮಿ 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ. ನಿಮ್ಮ ಪಕ್ಕದ ಮನೆಯವ್ರು ಹೋದ ತಿಂಗಳು ಬೆಳಿಗ್ಗೆ ಹತ್ತಕ್ಕೆ ಗುಹೆ ನೋಡಿ ಬಂದ್ವಿ ಅಂದ್ರೆ ನಿಮಗೂ ಹತ್ತಕ್ಕೇ ಸಿಗತ್ತೆ ಅಂತಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಜೋರಾಗಿ ಏರತ್ತೆ, ಜೋರಾಗಿ ಇಳಿಯತ್ತೆ, ಅಷ್ಟಮಿ ಹೊತ್ತಿಗೆ ಏರಿಳಿತ ಕಮ್ಮಿ. ಫುಕೆಟ್ ಕಡೆ ಅಮಾವಾಸ್ಯೆ ಹುಣ್ಣಿಮೇಲಿ ಎರಡೂವರೆ ಮೀಟರ್ ತನಕ ವ್ಯತ್ಯಾಸ ಬರತ್ತೆ, ಒಬ್ಬ ಮನುಷ್ಯ ಮುಳುಗಿ ಮೇಲೆ ಇನ್ನೂ ನೀರಿರತ್ತೆ. ಕರಾವಳಿ ಜನಕ್ಕೆ ಇದನ್ನ ಹೇಳಿಕೊಡೋದೇ ಬೇಡ. ನಾನು ಹುಟ್ಟಿ ಬೆಳೆದಿದ್ದು ಅಘನಾಶಿನಿ ನದಿ ದಡದಲ್ಲಿ, ಅಲ್ಲಿ ಉಪ್ಪುನೀರು ಬರೋ ಗಜನಿ ಗದ್ದೇಲಿ ಕಗ್ಗ ಭತ್ತ ಬೆಳೆಯೋರು ನೀರಿನ ಬಾಗಿಲು ತೆಗೆಯೋದು ಹಾಕೋದು ಎಲ್ಲಾ ಭರತ ಇಳಿತ ನೋಡ್ಕೊಂಡೇ. ಅದೇ ಊರಿನ ಜನ ವಿಮಾನ ಹತ್ತಿದ ತಕ್ಷಣ ಇದನ್ನೆಲ್ಲ ಮರೆತು ಏಜೆಂಟ್ ಕೊಟ್ಟ ಟೈಮ್‌ಟೇಬಲ್ ಹಿಡ್ಕೊಂಡು ಕೂರ್ತಾರಲ್ಲ, ನಂಗೆ ಅದೇ ಅರ್ಥ ಆಗೋದಿಲ್ಲ.

ಒಂದು ಸಲ ಏನಾಯ್ತು ಹೇಳ್ತೀನಿ. ನಿವೃತ್ತರಾದ ನಾವೊಂದಿಷ್ಟು ಜನ ಗಂಡಹೆಂಡ್ರು ಸೇರಿ ಹೋಗಿದ್ವಿ. ಏಜೆಂಟ್ ಹಾಳೇಲಿ ಬರೆದಿದ್ದ, ಹನ್ನೊಂದು ಗಂಟೆ ಕೊ ಪನಾಕ್ ದ್ವೀಪದ ಗುಹೆ, ಹನ್ನೆರಡಕ್ಕೆ ಊಟ, ಒಂದಕ್ಕೆ ಜೇಮ್ಸ್ ಬಾಂಡ್ ದ್ವೀಪ. ದೊಡ್ಡ ದೋಣೀಲಿ ಹೋಗಿ ಗುಹೆ ಮುಂದೆ ನಿಂತ್ವಿ, ಅಲ್ಲಿಂದ ಗಾಳಿ ತುಂಬಿದ ಕಯಾಕ್, ಒಂದೊಂದ್ರಲ್ಲಿ ಇಬ್ಬಿಬ್ರು, ಹಿಂದೆ ಹುಟ್ಟು ಹಾಕೋ ಹುಡುಗ. ನಮ್ಮ ದೋಣಿಯವ್ರು ವಯಸ್ಸಾದೋರು, ಗುಹೆ ಬಾಯಿ ನೋಡಿದ್ರು, ನೋ ನೋ, ವಾಟರ್ ಹೈ, ವೇಟ್ ಅಂದ್ರು, ಅಲ್ಲೇ ಹಗ್ಗ ಕಟ್ಟಿ ಕೂತ್ಬಿಟ್ರು. ನಮ್ಮಲ್ಲೊಬ್ರು ಯಜಮಾನ್ರು, ದೊಡ್ಡ ಹುದ್ದೇಲಿದ್ದೋರು, ಶುರು ಹಚ್ಕೊಂಡ್ರು, ಏನ್ರೀ ಇದು, ದುಡ್ಡು ತಗೊಂಡಿದಾರೆ, ಹನ್ನೊಂದು ಅಂತ ಬರ್ಕೊಟ್ಟಿದಾರೆ, ಇವ್ರು ಕೂತ್ಕೊಂಡು ಬೀಡಿ ಸೇದ್ತಾರೆ ಅಂತ. ಏಜೆಂಟ್‌ಗೆ ಫೋನ್ ಆಯ್ತು, ಅವನು ಅಲ್ಲಿಂದಲೇ ಹೇಳ್ತಾನೆ, ಸರ್ ಹೋಗಕ್ಕೆ ಹೇಳಿ ಸರ್, ಏನಾಗಲ್ಲ ಅಂತ. ನೋಡಿ ಹೇಗಿದೆ, ಸಾವಿರಾರು ಮೈಲಿ ದೂರ ಆಫೀಸಲ್ಲಿ ಕೂತೋನು ಏನಾಗಲ್ಲ ಅಂತಾನೆ, ಜೀವನ ಪೂರ್ತಿ ಆ ನೀರಲ್ಲಿ ಕಳೆದೋರು ಬೇಡ ಅಂತಾರೆ, ನಮ್ಮ ಜನ ಯಾರ ಮಾತು ಕೇಳೋದು ಅಂತ ಯೋಚನೆ ಮಾಡ್ತಾರೆ.

ನಾನು ದೋಣಿಯವ್ರ ಪಕ್ಕ ಹೋಗಿ ಕೂತೆ. ಅವ್ರು ಮಾತಾಡ್ದೆ ಬೆರಳು ತೋರಿಸಿದ್ರು. ಬಂಡೆ ಮೇಲೆ ಸಿಂಪಿ, ಕಲ್ವ ಎಲ್ಲ ಗಟ್ಟಿಯಾಗಿ ಅಂಟ್ಕೊಂಡಿರೋ ಒಂದು ಪಟ್ಟಿ ಇರತ್ತೆ, ಭರತದ ನೀರು ಎಲ್ಲೀ ತನಕ ಬರತ್ತೋ ಅಲ್ಲೀ ತನಕ. ಆವಾಗ ಆ ಪಟ್ಟಿ ಪೂರ್ತಿ ನೀರೊಳಗಿತ್ತು. ಸುರಂಗದ ಚಾವಣೀಲೂ ಅದೇ ಸಿಂಪಿ, ಬ್ಲೇಡ್ ಥರ ಚೂಪು. ಅಂದ್ರೆ ಭರತದಲ್ಲಿ ಆ ಚಾವಣಿನೂ ನೀರೊಳಗೆ ಅಂತಾಯ್ತಲ್ಲ, ಅದಕ್ಕಿಂತ ಸಾಕ್ಷಿ ಬೇಕಾ. ಕಾಯ್ತಾ ಕೂತ್ವಿ, ಊಟ ಅಲ್ಲೇ ಆಯ್ತು, ಅನ್ನ, ಹಣ್ಣು, ನಮ್ಮ ಮನೆಯವ್ರು ತಂದಿದ್ದ ಚಟ್ನಿಪುಡಿ ದೋಣಿಯವ್ರಿಗೂ ಕೊಟ್ರು, ಅವ್ರಿಗೆ ಬಹಳ ಹಿಡಿಸ್ತು. ಸ್ವಲ್ಪ ಸ್ವಲ್ಪವಾಗಿ ಬಂಡೆ ಮೇಲೆ ಒದ್ದೆ ಗೆರೆ ಕಾಣೋಕೆ ಶುರುವಾಯ್ತು, ಗೇಣು, ಆಮೇಲೆ ಮೊಳ. ಸಿಂಪಿ ಪಟ್ಟಿ ಅರ್ಧ ಕಂಡಾಗ ಅವ್ರು ಎದ್ದು ಹ್ಞೂಂ, ಈಗ ಅಂತ ಕೈ ಮಾಡಿದ್ರು.

ಒಳಗೆ ಹೋಗೋವಾಗ ಕಯಾಕ್‌ನಲ್ಲಿ ಅಂಗಾತ ಮಲಗ್ಬೇಕು. ಮಲಗು ಅಂದ್ರೆ ನಿಜವಾಗ್ಲೂ ಮಲಗೋದು, ಕೈ ಮೇಲೆತ್ತೋ ಹಾಗಿಲ್ಲ, ಮೂಗಿಗೂ ಚಾವಣಿಗೂ ಒಂದು ಗೇಣು, ಆ ಸಿಂಪಿಗಳು ಕಣ್ಣೆದುರಿಗೇ ಹಾದು ಹೋಗ್ತವೆ. ಕತ್ತಲು, ಬಾವಲಿ ವಾಸನೆ, ಹುಡುಗನ ತಲೆ ಮೇಲಿನ ಟಾರ್ಚ್ ಬಿಟ್ರೆ ಏನಿಲ್ಲ. ಜಗಳ ಆಡಿದ ಯಜಮಾನ್ರು ನನ್ನ ಮುಂದಿನ ಕಯಾಕ್‌ನಲ್ಲಿ ಜೋರಾಗಿ ರಾಮರಕ್ಷಾ ಹೇಳ್ತಿದ್ರು. ಆಮೇಲೆ ಇದ್ದಕ್ಕಿದ್ದ ಹಾಗೆ ಬೆಳಕು. ಸುತ್ತ ನೆಟ್ಟಗಿನ ಕಲ್ಲಿನ ಗೋಡೆ, ಅದ್ರಿಂದ ಗಿಡಗಳು ಜೋತಾಡ್ತಾ ಇವೆ, ಮೇಲೆ ದುಂಡಗೆ ಆಕಾಶ, ಕೆಳಗೆ ಕಾಂಡ್ಲಾ ಗಿಡ, ಮ್ಯಾಂಗ್ರೋವ್ ಅಂತಾರಲ್ಲ ಅದು, ಹಸಿರು ನೀರು. ನಮ್ಮ ಮನೆಯವ್ರು ಮೊದ್ಲು ನೋಡಿದ್ದು ಕೆಸರಲ್ಲಿ ಕುಪ್ಪಳಿಸೋ ಮೀನನ್ನ, ಇದು ನಮ್ಮ ಗಜನೀಲಿ ಇರೋದೇ ಅಲ್ವೇನ್ರೀ ಅಂದ್ರು, ಹೌದು ಅದೇ ಕುಲ. ಗೋಡೆ ಮೇಲೆ ಮಂಗ ಕೂತು ಏಡಿ ತಿಂತಿತ್ತು. ಯಾರೂ ಮಾತಾಡ್ಲಿಲ್ಲ, ಮೊಬೈಲ್ ತೆಗೆಯೋದನ್ನೂ ಮರೆತಿದ್ರು. ಸ್ವಲ್ಪ ಹೊತ್ತಿಗೇ ಹುಡುಗ ಹೊರಡೋಣ ಅಂದ, ಯಜಮಾನ್ರು ಈ ಸಲ ಒಂದು ಮಾತೂ ಎದುರಾಡ್ಲಿಲ್ಲ. ಇನ್ನೂ ಇಳಿದ್ರೆ ಕೆಸರು, ಕಯಾಕ್ ಎಳ್ಕೊಂಡು ಬರ್ಬೇಕಾಗತ್ತೆ. ಹನ್ನೊಂದಕ್ಕೇ ನುಗ್ಗಿದ್ರೆ ಏನಾಗ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಒಳಗಿಂದ ಕೈ ತೋರಿಸ್ತಿದಾರೆ, ಸಮಯ ಕಮ್ಮಿ ಇದೆಯಂತೆ. ಇನ್ನೂ ಹೇಳೋದು ತುಂಬಾ ಇತ್ತು, ಬೇಗ ಬೇಗ ಹೇಳ್ತೀನಿ.

ಜೇಮ್ಸ್ ಬಾಂಡ್ ದ್ವೀಪ ಅಂತ ಎಲ್ರೂ ಓಡ್ತಾರೆ, 1974ರ ಸಿನಿಮಾದಲ್ಲಿ ಬಂತು ಅಂತ. ಅಲ್ಲಿ ನೀರಲ್ಲಿ ನಿಂತಿರೋ ಕಲ್ಲು, ಕೊ ತಾಪು, ಸುಮಾರು 20 ಮೀಟರ್ ಎತ್ತರ, ಬುಡ ಸಣ್ಣ, ತಲೆ ದಪ್ಪ. ಬುಡ ಯಾಕೆ ಸಣ್ಣ ಅಂದ್ರೆ ಅದೇ ಭರತ ಇಳಿತ, ನೀರು ಆಡೋ ಮಟ್ಟದಲ್ಲೇ ಕಲ್ಲು ಸವೆಯೋದು, ಅಲೆ ಒಂದು ಕಡೆ, ಕಲ್ಲನ್ನ ಕೆರೆದು ಕೊರೆದು ತಿನ್ನೋ ಸಣ್ಣ ಜೀವಿಗಳು ಇನ್ನೊಂದು ಕಡೆ. ಬುಡ ಇನ್ನೂ ಸವೀಬಾರ್ದು ಅಂತ 1998ರಿಂದ ದೋಣಿಗಳನ್ನ ಅದ್ರ ಹತ್ರ ಬಿಡೋದಿಲ್ಲ. ದೂರದಿಂದ ಫೋಟೋ ತಗೊಳ್ಳಿ, ಸಾಕು, ಅಲ್ಲೇ ಅರ್ಧ ದಿನ ಕಳೀಬೇಡಿ, ಗುಹೆ ಟೈಮ್ ಹೋಗ್ಬಿಡತ್ತೆ.

ಗುಹೇಲಿ ತೊಂಗಲು ಥರ ಇಳಿಬಿದ್ದಿರೋ ಕಲ್ಲನ್ನ ಮುಟ್ಬೇಡಿ, ದಯವಿಟ್ಟು. ಹನಿ ಹನಿ ಬಿದ್ದು ನೂರು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯತ್ತೆ, ನಿಮ್ಮ ಕೈ ಎಣ್ಣೆ ತಾಗಿದ್ರೆ ಅಷ್ಟೂ ಬೆಳೆಯೋದಿಲ್ಲ. ಬಾನಾಡಿ ಅನ್ನೋ ಸಣ್ಣ ಹಕ್ಕಿಗಳ ಗೂಡು ಕಂಡ್ರೆ ದೂರ ಇರಿ, ಆ ಗೂಡಿಂದಲೇ ಸೂಪ್ ಮಾಡ್ತಾರೆ, ಅದಕ್ಕೆ ಭಾರೀ ಬೆಲೆ ಇದೆ, ಕಾವಲು ಇರತ್ತೆ.

ದಕ್ಷಿಣಕ್ಕೆ ತ್ರಾಂಗ್ ಪ್ರಾಂತ್ಯದಲ್ಲಿ ಕೊ ಮೂಕ್ ದ್ವೀಪ, ಅಲ್ಲಿ ಪಚ್ಚೆ ಗುಹೆ, ಸುಮಾರು 80 ಮೀಟರ್ ಕತ್ತಲಲ್ಲಿ ಈಜ್ಬೇಕು, ಆಮೇಲೆ ಒಳಗೊಂದು ಮರಳ ದಂಡೆ. ಈಜು ಬರ್ದಿದ್ರೂ ಲೈಫ್ ಜಾಕೆಟ್ ಹಾಕಿ ಸಾಲಾಗಿ ಕರ್ಕೊಂಡು ಹೋಗ್ತಾರೆ. ಆದ್ರೆ ಮಳೆಗಾಲದಲ್ಲಿ ಆ ಕಡೆ ಯೋಚನೆ ಬಿಡಿ, ನಮಗೆ ಬರೋ ನೈಋತ್ಯ ಮುಂಗಾರೇ ಅವ್ರಿಗೂ ಬರೋದು, ಮೇ ತಿಂಗಳಿಂದ ಅಕ್ಟೋಬರ್ ತನಕ ಸಮುದ್ರ ಕೆಟ್ಟದಾಗಿರತ್ತೆ. ನವೆಂಬರ್‌ನಿಂದ ಏಪ್ರಿಲ್ ಒಳ್ಳೇದು.

ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಗೆ ಹೋಗೋರಿಗೂ ಒಂದು ಮಾತು. 1994ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ್ದು ಅದು, ಅದೂ ಸುಣ್ಣಕಲ್ಲೇ, ಸಾವಿರಕ್ಕೂ ಹೆಚ್ಚು ದ್ವೀಪ. ಅಲ್ಲಿ ಮಾತ್ರ ಸಾಮಾನ್ಯವಾಗಿ ದಿನಕ್ಕೆ ಒಂದೇ ಭರತ, ಒಂದೇ ಇಳಿತ. ಹಾಗಾಗಿ ಬೆಳಿಗ್ಗೆ ತಪ್ಪಿದ್ರೆ ಸಂಜೆ ನೋಡೋಣ ಅನ್ನೋ ಹಾಗೇ ಇಲ್ಲ. ಲುವೊನ್ ಅಂತ ಗುಹೆ ಇದೆ, ತಗ್ಗಿನ ಕಮಾನಿನ ಕೆಳಗೆ ಬಿದಿರಿನ ದೋಣೀಲಿ ಹೋಗೋದು, ಅದಕ್ಕೂ ನೀರಿನ ಟೈಮ್ ಕೇಳಿ.

ಪಾಸ್‌ಪೋರ್ಟ್ ಇಲ್ಲ, ಅಷ್ಟು ಖರ್ಚು ಬೇಡ ಅನ್ನೋರು ಅಂಡಮಾನ್‌ಗೆ ಹೋಗಿ. ಪೋರ್ಟ್ ಬ್ಲೇರ್, ಈಗ ಶ್ರೀ ವಿಜಯಪುರಂ ಅಂತ ಹೆಸರು, ಅಲ್ಲಿಂದ ಉತ್ತರಕ್ಕೆ ಬಾರಾಟಾಂಗ್ ದ್ವೀಪ, ಅಲ್ಲಿಂದ ಸ್ಪೀಡ್ ಬೋಟ್‌ನಲ್ಲಿ ಕಾಂಡ್ಲಾ ಗಿಡದ ಸುರಂಗದಂಥ ಹಳ್ಳದಲ್ಲಿ ಹೋಗಿ, ಸ್ವಲ್ಪ ನಡೆದ್ರೆ ಸುಣ್ಣಕಲ್ಲಿನ ಗುಹೆ. ದಾರಿ ಜರಾವಾ ಆದಿವಾಸಿ ಜನರ ಕಾಡಿನೊಳಗೆ ಹೋಗತ್ತೆ, ಗಾಡಿಗಳನ್ನ ಗುಂಪಾಗಿ ಟೈಮ್ ಪ್ರಕಾರ ಬಿಡ್ತಾರೆ, ದಾರೀಲಿ ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ, ಅದು ಅವ್ರ ಮನೆ. ನಸುಕಲ್ಲೇ ಎದ್ದು ಹೊರಡ್ಬೇಕು, ತಿಂಡಿ ಕಟ್ಕೊಳ್ಳಿ, ಕಾಲಿಗೆ ಹಿಡಿತ ಇರೋ ಚಪ್ಪಲಿ ಹಾಕ್ಕೊಳ್ಳಿ, ಒಂದು ಟಾರ್ಚ್ ಇರ್ಲಿ. ಸಮಯ ಮುಗೀತು ಅಂತಿದಾರೆ, ಎಲ್ರಿಗೂ ನಮಸ್ಕಾರ.