ಬಳಸದೇ ಇರೋ ಲೈಫ್‌ರಾಫ್ಟ್‌ಗೆ ಸರ್ವಿಸ್ ಯಾಕೆ?

ನಮಸ್ಕಾರ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ಗೆಳೆಯರ ಜೊತೆ ಸೇರಿ ಹಾಯಿದೋಣಿ ಕೊಂಡಿದ್ದಾರೆ. ಅವರ ಪ್ರಶ್ನೆ ಇದು: "ಲೈಫ್‌ರಾಫ್ಟ್ ಡಬ್ಬಿಯನ್ನು ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ. ಆದರೂ ಸರ್ವಿಸ್ ಮಾಡಿಸಿ ಅಂತಾರೆ. ಬಳಸದೇ ಇರೋದಕ್ಕೆ ಸರ್ವಿಸ್ ಯಾಕೆ?"

ಒಂದು ವಾರ ಈ ಪ್ರಶ್ನೆಯ ಹಿಂದೆಯೇ ಇದ್ದೆ.

ಲೈಫ್‌ರಾಫ್ಟ್ ಅಂದರೆ ಮಡಚಿ ಡಬ್ಬಿಗೆ ತುಂಬಿದ ರಬ್ಬರ್ ತೆಪ್ಪ. ದೋಣಿ ಮುಳುಗುವ ಹಾಗಿದ್ದರೆ ಡಬ್ಬಿಯನ್ನು ನೀರಿಗೆ ಎಸೆದು ಪೇಂಟರ್ ಅನ್ನೋ ಹಗ್ಗವನ್ನು ಜಗ್ಗಬೇಕು. ಒಳಗಿನ ಸಿಲಿಂಡರ್ ತೆರೆದುಕೊಂಡು ತೆಪ್ಪ ಊದುತ್ತದೆ.

ಆ ಸಿಲಿಂಡರ್‌ನಲ್ಲಿರೋದು ಕಾರ್ಬನ್ ಡೈಆಕ್ಸೈಡ್, ಜೊತೆಗೆ ಸ್ವಲ್ಪ ನೈಟ್ರೋಜನ್. ಅದು ಸೋರಿಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಪ್ರೆಶರ್ ಮೀಟರ್ ಹಾಕಿದರೆ ಸಾಕು ಅಂದುಕೊಂಡಿದ್ದೆ. ಸಾಲದು! ಕಾರಣ ನಿಮ್ಮ ಅಡುಗೆಮನೆಯಲ್ಲೇ ಇದೆ.

[ದೃಶ್ಯ: ಗ್ಯಾಸ್ ಒಲೆ, ಕುಕ್ಕರ್]

ಗ್ಯಾಸ್ ಮುಗಿಯೋ ಹಿಂದಿನ ದಿನವೂ ಉರಿ ಚೆನ್ನಾಗೇ ಇರುತ್ತದೆ, ಅಲ್ವಾ? ಮರುದಿನ ಕುಕ್ಕರ್ ಮೊದಲ ಸೀಟಿ ಹೊಡೆಯೋ ಮುಂಚೆ ಒಲೆ ಆರಿಹೋಗುತ್ತದೆ. ಯಾಕೆಂದರೆ ಒಳಗಿರೋದು ದ್ರವ. ತಳದಲ್ಲಿ ಒಂದು ಲೋಟ ದ್ರವ ಉಳಿದಿದ್ದರೂ ಮೇಲಿನ ಗ್ಯಾಸಿನ ಒತ್ತಡ ಹೆಚ್ಚುಕಮ್ಮಿ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಕೂಡ ಹೀಗೇ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್. ಸ್ವಲ್ಪ ಸೋರಿದ್ದರೂ ದ್ರವ ಇರೋವರೆಗೆ ಅದೇ 57. ಮೀಟರಿನ ಮುಳ್ಳು ಅಲ್ಲಾಡೋದೇ ಇಲ್ಲ.

ಹಾಗಾದರೆ? ತೂಕ ಹಾಕಬೇಕು. ಮನೆಗೆ ಸಿಲಿಂಡರ್ ತರುವವರ ಹತ್ತಿರ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಖಾಲಿ ತೂಕ ಕಳೆದರೆ 14.2 ಕೆಜಿ ಬರಬೇಕು. ಸರ್ವಿಸ್ ಸ್ಟೇಷನ್‌ನಲ್ಲೂ ರಾಫ್ಟ್ ಸಿಲಿಂಡರನ್ನು ಬಿಚ್ಚಿ, ತೂಕ ಹಾಕಿ, ಅದರ ಮೇಲೆ ಬರೆದಿರೋ ಅಂಕಿಗೆ ತಾಳೆ ನೋಡುತ್ತಾರೆ. ಡಬ್ಬಿ ಬಿಚ್ಚದೆ ಇದು ಸಾಧ್ಯವೇ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಆಮೇಲೆ ತೆಪ್ಪವನ್ನು ಊದುತ್ತಾರೆ, ಆದರೆ ಸಾಮಾನ್ಯವಾಗಿ ಅದರದೇ ಗ್ಯಾಸ್‌ನಿಂದ ಅಲ್ಲ. ಸಿಲಿಂಡರ್‌ನಿಂದ ನುಗ್ಗೋ ಗ್ಯಾಸ್ ವಿಪರೀತ ತಣ್ಣಗಿರುತ್ತದೆ, ರಬ್ಬರಿಗೆ ಸುಮ್ನೆ ಪೆಟ್ಟು. ಅದಕ್ಕೇ ಒಣ ಗಾಳಿ ತುಂಬಿ, ಗಂಟೆಗಟ್ಟಲೆ ಬಿಟ್ಟು, ಒತ್ತಡ ಇಳಿಯುತ್ತದಾ ನೋಡುತ್ತಾರೆ. ಅಂಟಿಸಿದ ಕಡೆ ಸೋಪಿನ ನೀರು ಹಚ್ಚಿದರೆ ಸಣ್ಣ ತೂತೂ ಗುಳ್ಳೆ ಬಿಡುತ್ತದೆ.

ಒಳಗೆ ಒಂದು ಕೈಪಂಪೂ ಇರುತ್ತದೆ. ಅದನ್ನು ಹಗುರವಾಗಿ ನೋಡಬೇಡಿ. 1973ರಲ್ಲಿ ತಿಮಿಂಗಿಲ ಬಡಿದು ದೋಣಿ ಮುಳುಗಿದಾಗ ಇಂಗ್ಲೆಂಡಿನ ಬೈಲಿ ದಂಪತಿ ಪೆಸಿಫಿಕ್‌ನಲ್ಲಿ ಒಂದು ರಾಫ್ಟ್, ಡಿಂಗಿ ಅನ್ನೋ ಒಂದು ಪುಟ್ಟ ದೋಣಿ ಜೊತೆ 117 ದಿನ ತೇಲಿದರು. ಕೊನೆಕೊನೆಗೆ ರಾಫ್ಟ್‌ಗೆ ಮತ್ತೆ ಮತ್ತೆ ಗಾಳಿ ತುಂಬುತ್ತಲೇ ಇರಬೇಕಾಯಿತು.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಹೇಳಿಬಿಡ್ತೀನಿ. ಸಹಾಯಕ್ಕೆ ಸಂಕೇತ ಕೊಡೋ ಫ್ಲೇರ್, ಟಾರ್ಚ್ ಬ್ಯಾಟರಿ, ನೀರು, ವಾಂತಿ ತಡೆಯೋ ಮಾತ್ರೆ: ತಾರೀಕು ಮುಗಿದಿದ್ದರೆ ಬದಲಿಸಬೇಕು. ದೋಣಿ ಮುಳುಗಿದಾಗ ಡಬ್ಬಿಯನ್ನು ತಾನಾಗೇ ಬಿಡಿಸೋ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಇದ್ದರೆ, ಸಾಮಾನ್ಯವಾಗಿ ಅದರ ಆಯಸ್ಸು 2 ವರ್ಷ ಅಷ್ಟೇ. ಡಬ್ಬಿಯನ್ನು ತಲೆಕೆಳಗಾಗಿ ಕೂರಿಸಬೇಡಿ, ನೀರು ಹೊರಗೆ ಹೋಗೋ ತೂತು ತಳದಲ್ಲಿದೆ. ಅದರ ಮೇಲೆ ಕೂರಲೂಬೇಡಿ.

ಇವತ್ತೇ ಹೋಗಿ ಪೇಂಟರ್ ಹಗ್ಗದ ತುದಿ ದೋಣಿಯ ಗಟ್ಟಿ ಜಾಗಕ್ಕೆ ಕಟ್ಟಿದೆಯಾ ನೋಡಿ. ಕಟ್ಟದೆ ಎಸೆದರೆ ಡಬ್ಬಿ ಅಲೆಯ ಜೊತೆ ಹೊರಟೇಹೋಗುತ್ತದೆ. ಮತ್ತೆ, ಸರ್ವಿಸ್‌ಗೆ ಕೊಡುವಾಗ "ನಾನೂ ನಿಂತು ನೋಡಬಹುದಾ?" ಅಂತ ಕೇಳಿ. ಎಷ್ಟೋ ಕಡೆ ಬಿಡುತ್ತಾರೆ. ಬಿಟ್ಟರೆ ಆ ತಕ್ಕಡಿಯ ಫೋಟೋ ನನಗೆ ಕಳಿಸಿ.