ದರದ ಲಕೋಟೆ ಒಡೆಯುವ ಮೊದಲು

ಕೇಳುಗರಿಗೆ ನಮಸ್ಕಾರ.

ಸೇನೆಗೆ ರೇಡಿಯೋ ಸೆಟ್ ಕೊಳ್ಳಬೇಕು ಅಂತಿಟ್ಟುಕೊಳ್ಳಿ. ಕಂಪನಿಗಳು ಎರಡು ಲಕೋಟೆ ಕೊಡುತ್ತವೆ, ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ದರ. ಡಿಎಪಿ 2020, ಅಂದರೆ ರಕ್ಷಣಾ ಖರೀದಿಯ ನಿಯಮಾವಳಿಯ ಪ್ರಕಾರ ಮೊದಲನೆಯದನ್ನು ತಾಂತ್ರಿಕ ಮೌಲ್ಯಮಾಪನ ಸಮಿತಿ ಆರ್‌ಎಫ್‌ಪಿ, ಅಂದರೆ ಏನೇನು ಬೇಕೆಂದು ಸೇನೆ ಬರೆದುಕೊಟ್ಟ ಪ್ರಸ್ತಾವ ಕೋರಿಕೆಯ ಜೊತೆ ತಾಳೆ ನೋಡುತ್ತದೆ. ಈ ಸಮಿತಿಯಲ್ಲಿ ಕೂರುವವರಿಗೆ ಮುಖ್ಯವಾಗಿ ಕಲಿಸಬೇಕಾದದ್ದು ಓದುವುದನ್ನು.

ತರಬೇತಿಯ ಮೊದಲ ದಿನ ಬಿಡ್, ಅಂದರೆ ಕಂಪನಿಯ ಪ್ರಸ್ತಾವ, ಕೈಗೆ ಕೊಡಬೇಡಿ, ಆರ್‌ಎಫ್‌ಪಿ ಮಾತ್ರ ಕೊಡಿ. ಒಂದೊಂದು ಅಗತ್ಯ ಗುಣಲಕ್ಷಣದ ಎದುರಿಗೂ 'ಇದಕ್ಕೆ ಯಾವ ಪುರಾವೆ ಕೊಟ್ಟರೆ ಒಪ್ಪುತ್ತೇನೆ' ಎಂದು ಬರೆಸಿ. ಬಿಡ್ ನೋಡಿದ ಮೇಲೆ ಬರೆಸಿದರೆ ಅಳತೆಗೋಲು ಕಣ್ಣಿಗೆ ಹಿಡಿಸಿದ ಕಂಪನಿಯ ಕಡೆಗೆ ವಾಲುತ್ತದೆ.

ಮರುದಿನ ಬೇಕೆಂದೇ ತಪ್ಪು ಸೇರಿಸಿದ ಮೂರು ಮಾದರಿ ಬಿಡ್ ಕೊಡಿ. ಉದಾಹರಣೆಗೆ, ಆರ್‌ಎಫ್‌ಪಿ ಕೇಳಿದ್ದು ಮೈನಸ್ 20ರಿಂದ 55 ಡಿಗ್ರಿವರೆಗೆ ಕೆಲಸ ಮಾಡುವ ಸೆಟ್. ಕಂಪನಿ ಅನುಸರಣೆ ಕೋಷ್ಟಕದಲ್ಲಿ 'ಹೌದು' ಎಂದಿದೆ. ಅನುಬಂಧದ ಡೇಟಾಶೀಟ್ ತೆರೆದರೆ ಮೈನಸ್ 20 ಇರುವುದು ಗೋದಾಮಿನಲ್ಲಿ ಇಡುವ ಉಷ್ಣಾಂಶಕ್ಕೆ. ಸೆಟ್ ಕೆಲಸ ಮಾಡುವುದು ಸೊನ್ನೆಯಿಂದ ಮೇಲೆ. ಹೊಸಬರು ಎಡವುವುದು ಇಲ್ಲೇ. 'ಹೌದು' ಕಂಡ ಕೂಡಲೇ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಲಡಾಖ್‌ನ ಚಳಿಯಲ್ಲಿ ಆ ಸೆಟ್ ಹೊತ್ತು ನಿಲ್ಲುವ ಸಿಪಾಯಿಗೆ ಈ ಒಂದು ಸಾಲು ಎಷ್ಟು ದೊಡ್ಡದು ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಲೇಬೇಕು.

ಮೊದಲ ಓದು ಒಬ್ಬೊಬ್ಬರೇ ಮಾಡಲಿ. ಎಲ್ಲರೂ ಒಟ್ಟಿಗೆ ಕುಳಿತರೆ ಹಿರಿಯ ಅಧಿಕಾರಿ ಬಾಯಿಬಿಟ್ಟ ಮೇಲೆ ಕಿರಿಯರ ಟಿಪ್ಪಣಿ ಅಲ್ಲೇ ನಿಂತುಹೋಗುತ್ತದೆ. ಚರ್ಚೆ ಶುರುವಾದಾಗಲೂ ಕಿರಿಯರಿಂದಲೇ ಶುರುವಾಗಲಿ.

ಸಂಶಯ ಬಂದರೆ ಕಂಪನಿಯಿಂದ ಸ್ಪಷ್ಟನೆ ಕೇಳಬಹುದು. ಆದರೆ ಸ್ಪಷ್ಟನೆಯ ನೆಪದಲ್ಲಿ ಬೇರೆ ಮಾದರಿ ತಂದು ನಿಲ್ಲಿಸಲು ಬಿಡಬಾರದು. ಒಬ್ಬರಿಗೆ ಕೊಟ್ಟ ಅವಕಾಶ ಎಲ್ಲರಿಗೂ ಸಿಗಬೇಕು.

ಇನ್ನು ದರ. ಲಕೋಟೆ ಒಡೆಯುವ ಮೊದಲೇ ಒಪ್ಪಂದ ಸಂಧಾನ ಸಮಿತಿ ನ್ಯಾಯವಾದ ಬೆಲೆ ಎಷ್ಟೆಂದು ತಾನೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಒಡೆದ ಮೇಲೆ ಪ್ರತಿ ಗುಣಾಕಾರವನ್ನೂ ಕೈಯಾರೆ ಮಾಡಿಸಿ. 240 ಸೆಟ್, ಒಂದಕ್ಕೆ 1,85,000 ರೂಪಾಯಿ. ಕಂಪನಿ ಬರೆದ ಮೊತ್ತ 4 ಕೋಟಿ 40 ಲಕ್ಷ. ನಿಜವಾದ ಮೊತ್ತ 4 ಕೋಟಿ 44 ಲಕ್ಷ. ಬಿಡಿ ದರಕ್ಕೂ ಒಟ್ಟು ಮೊತ್ತಕ್ಕೂ ತಾಳೆಯಾಗದಿದ್ದರೆ ಬಿಡಿ ದರವೇ ಲೆಕ್ಕಕ್ಕೆ. ಪಕ್ಕದ ಕಂಪನಿ 4 ಕೋಟಿ 42 ಲಕ್ಷ ಹೇಳಿದ್ದರೆ ಎಲ್-1, ಅಂದರೆ ಅತಿ ಕಡಿಮೆ ದರದ ಸ್ಥಾನ ಅದರದ್ದೇ.

ಕೊನೆಗೆ ವರದಿ. 'ತೃಪ್ತಿಕರವಾಗಿಲ್ಲ' ಎಂದಷ್ಟೇ ಬರೆದರೆ ವಾಪಸ್ ಕಳಿಸಿ. ಆರ್‌ಎಫ್‌ಪಿಯ ಕಂಡಿಕೆ, ಬಿಡ್‌ನ ಪುಟ, ಕೇಳಿದ್ದೆಷ್ಟು, ಕೊಟ್ಟಿದ್ದೆಷ್ಟು, ಈ ನಾಲ್ಕೂ ಬರಬೇಕು. ಆ ಬಿಡ್ ನೋಡಿಯೇ ಇಲ್ಲದ ಸಹೋದ್ಯೋಗಿಯ ಕೈಗೆ ವರದಿ ಕೊಡಿ. ಅವರು ಯಾರನ್ನೂ ಕೇಳದೆ ಆ ಪುಟ ತೆರೆದು ತಪ್ಪಿನ ಮೇಲೆ ಬೆರಳಿಡುವವರೆಗೂ ತಿದ್ದಿಸುತ್ತಿರಿ.

ನಮಸ್ಕಾರ.